ಪಂದಿ ಕರಿಗೆ ಯಾವ ಗ್ರೆನಾಶ್? ಮ್ಯಾಕ್‌ಲಾರೆನ್ ವೇಲ್, ಪ್ರಿಯೊರಾಟ್, ಶಾತೊನಫ್

ಪಂದಿ ಕರಿ, ಕಡಂಬುಟ್ಟು ಜೊತೆ ಕುಡಿಯಲು ಒಳ್ಳೆಯ ಗ್ರೆನಾಶ್‌ಗೆ (ಅದೇ ಹೆಸರಿನ ದ್ರಾಕ್ಷಿಯ ಕೆಂಪು ವೈನ್) ದುಡ್ಡು ಹಾಕುವುದಾದರೆ ಆಸ್ಟ್ರೇಲಿಯಾದ ಮ್ಯಾಕ್‌ಲಾರೆನ್ ವೇಲ್‌ನದ್ದನ್ನೇ ತನ್ನಿ. ಸ್ಪೇನಿನ ಪ್ರಿಯೊರಾಟ್, ಫ್ರಾನ್ಸಿನ ಶಾತೊನಫ್-ದ್ಯು-ಪಾಪ್ ಎರಡೂ ದೊಡ್ಡ ಹೆಸರು, ಮೂರೂ ಊರಿನ ಒಳ್ಳೆಯ ಬಾಟಲಿಗಳಿಗೆ ವಿಮರ್ಶಕರಿಂದ ನೂರಕ್ಕೆ 95ರ ಆಸುಪಾಸಿನ ಅಂಕ ಸಿಗುತ್ತದೆ. ಆದರೆ ಆ ಅಂಕ ಊಟವಿಲ್ಲದೆ ಬರೀ ವೈನ್ ರುಚಿ ನೋಡಿ ಕೊಟ್ಟದ್ದು. ಕೊಡಗಿನ ಊಟಕ್ಕೆ ಅದನ್ನು ನೆಚ್ಚಬೇಡಿ.

ತೊಡಕಿರುವುದು ಆಲ್ಕೋಹಾಲಿನಲ್ಲಿ. ಗ್ರೆನಾಶ್ ತೆಳು ಸಿಪ್ಪೆಯ, ತಡವಾಗಿ ಹಣ್ಣಾಗುವ ದ್ರಾಕ್ಷಿ. ಬಿಸಿಲಿನ ಊರಲ್ಲಿ ಅದರ ಸಕ್ಕರೆ ಏರುತ್ತಲೇ ಹೋಗುತ್ತದೆ, ಹುಳಿ ಇಳಿಯುತ್ತದೆ. ಹಾಗಾಗಿ ಶೇ. 15 ಮುಟ್ಟಿದ ಬಾಟಲಿಗಳು ಬೇಕಾದಷ್ಟಿವೆ. ಬಾಯಲ್ಲಿ ಬಿಸಿಯನ್ನು ಗುರುತಿಸುವ ನರತುದಿಗಳನ್ನೇ ಕರಿಮೆಣಸೂ ಕೆರಳಿಸುತ್ತದೆ. ಸಾಮಾನ್ಯವಾಗಿ ಅವು 42 ಡಿಗ್ರಿಯ ಹತ್ತಿರ ಎಚ್ಚರಗೊಳ್ಳುತ್ತವೆ. ಆಲ್ಕೋಹಾಲ್ ತಗುಲಿದರೆ ಸುಮಾರು 34ಕ್ಕೇ. ಅಂದರೆ ಬಾಯಿಯ ಸಹಜ ಬಿಸಿಯೇ ಉರಿಯಾಗುತ್ತದೆ. ಹುರಿದ ಮಸಾಲೆಯ ಕರಿ ಒಂದು ತುತ್ತು, ಮೇಲೆ ಶೇ. 15ರ ಪ್ರಿಯೊರಾಟ್ ಒಂದು ಗುಟುಕು: ಗಂಟಲು ಸುಡುತ್ತದೆ, ಹಣ್ಣಿನ ರುಚಿ ಹುಡುಕಿದರೂ ಸಿಗುವುದಿಲ್ಲ.

ಇದರ ಮೇಲೆ ಕಾಚಂಪುಳಿ, ಕೊಡಗಿನ ಆ ಕಪ್ಪು ಹುಳಿ ರಸ. ಊಟದ ಹುಳಿ ಹೆಚ್ಚಿದಷ್ಟೂ ವೈನಿನ ಹುಳಿ ಕಡಿಮೆ ಎನಿಸುತ್ತದೆ. ಮೊದಲೇ ಹುಳಿ ಕಮ್ಮಿಯಿರುವ ಗ್ರೆನಾಶ್ ಆಗ ಸಪ್ಪೆಯಾಗಿ, ಜಾಮ್‌ನಂತೆ ನಾಲಿಗೆಗೆ ಅಂಟುತ್ತದೆ. ಕರಿಗೆ ಕಾಚಂಪುಳಿ ಕಡಿಮೆ ಮಾಡಿ ಎಂದು ನಾನಂತೂ ಹೇಳಲಾರೆ, ಬದಲಾಗಬೇಕಾದದ್ದು ಬಾಟಲಿ.

ಮ್ಯಾಕ್‌ಲಾರೆನ್ ವೇಲ್ ಗೆಲ್ಲುವುದು ಇಲ್ಲಿಯೇ. ಅಲ್ಲಿ ಈಗ ಹಲವರು ದ್ರಾಕ್ಷಿಯನ್ನು ಸ್ವಲ್ಪ ಬೇಗ ಕೊಯ್ದು, ಹೊಸ ಓಕ್ ಮರದ್ದು ಬಿಟ್ಟು ಹಳೆಯ ದೊಡ್ಡ ಪೀಪಾಯಿಗಳಲ್ಲಿ ಇಡುತ್ತಾರೆ. ಬಣ್ಣ ತಿಳಿ, ರಾಸ್ಪ್‌ಬೆರಿ ಪರಿಮಳ, ಹುಳಿ ಚುರುಕು. ಲೇಬಲ್‌ನಲ್ಲಿ ಆಲ್ಕೋಹಾಲ್ ಶೇ. 14 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಆರಿಸಿ, 14.5 ದಾಟಿದರೆ ಅಲ್ಲಿನದ್ದಾದರೂ ಬೇಡ. ಅದೇ ರಾಜ್ಯದ ಬರೋಸಾದ್ದು ಸಾಮಾನ್ಯವಾಗಿ ಇನ್ನೂ ಮಾಗಿದ್ದು, ಸಿಹಿ ಹಣ್ಣಿನದು.

ಪ್ರಿಯೊರಾಟ್‌ನ ಕಪ್ಪು ಪದರಗಲ್ಲಿನ ನೆಲದಲ್ಲಿ ಇಳುವರಿ ಕಡಿಮೆ, ವೈನ್ ಗಟ್ಟಿ. ಗ್ರೆನಾಶ್ ಜೊತೆ ಕರಿನ್ಯೆನಾ ಎಂಬ ಇನ್ನೊಂದು ದ್ರಾಕ್ಷಿ ಬೆರೆಸಿ ಫ್ರೆಂಚ್ ಓಕ್‌ನಲ್ಲಿಟ್ಟರೆ ಒಗರು ಹೆಚ್ಚು, ಖಾರಕ್ಕೆ ಅದು ಕಹಿಯಾಗುತ್ತದೆ. ಒಲೆಯ ಹೊಗೆಯಲ್ಲಿ ಒಣಗಿಸಿದ ಹಂದಿ ಮಾಂಸಕ್ಕಾದರೆ ಸರಿ.

ಶಾತೊನಫ್ ನಡುವಿನದು: ಘಮ ಸೊಗಸು, ಉರಿ ಇದ್ದೇ ಇದೆ.

ಬೆಲೆಯ ಮಾತು. 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಭಾರತ-ಆಸ್ಟ್ರೇಲಿಯಾ ಒಪ್ಪಂದ 5 ಅಮೆರಿಕನ್ ಡಾಲರ್ ಮೇಲಿನ ಬಾಟಲಿಯ ಆಮದು ಸುಂಕವನ್ನು ಶೇ. 150ರಿಂದ 100ಕ್ಕೆ, 15 ಡಾಲರ್ ಮೇಲಿನದನ್ನು 75ಕ್ಕೆ ಇಳಿಸಿತು. ಹಬ್ಬಕ್ಕೊಂದು ಬಾಟಲಿ ತರುವ ಮನೆಗೆ ಇದು ಸಣ್ಣ ವಿಷಯವಲ್ಲ.

ಯಾವುದನ್ನೇ ತಂದರೂ 15–16 ಡಿಗ್ರಿಯಲ್ಲಿ ಸುರಿಯಿರಿ. ಪುತ್ತರಿ ಹೊತ್ತಿನ ಮಡಿಕೇರಿಯ ಚಳಿಯಲ್ಲಿ ಕೋಣೆಯಲ್ಲಿಟ್ಟರೂ ಹೆಚ್ಚುಕಡಿಮೆ ಸಾಕು. ಏಪ್ರಿಲ್‌ನ ಗೋಣಿಕೊಪ್ಪದಲ್ಲಿ ಫ್ರಿಜ್‌ನಲ್ಲಿ ಸುಮಾರು ಒಂದೂವರೆ ಗಂಟೆ, ಇಲ್ಲವೇ ಐಸ್ ಮತ್ತು ನೀರು ಬೆರೆಸಿದ ಬಕೆಟ್‌ನಲ್ಲಿ ಹತ್ತು-ಹನ್ನೆರಡು ನಿಮಿಷ. ಬರೀ ಐಸ್ ಹಾಕಿದರೆ ಗಾಜಿಗೆ ಸರಿಯಾಗಿ ತಾಗದೆ ತಡವಾಗುತ್ತದೆ. ಲೋಟಕ್ಕೆ ಒಮ್ಮೆಗೆ 100 ಮಿ.ಲೀ. ಮಾತ್ರ, ಹೆಚ್ಚು ಸುರಿದರೆ ಕುಡಿದು ಮುಗಿಯುವ ಮೊದಲೇ ಬೆಚ್ಚಗಾಗಿ ಉರಿ ಮರಳುತ್ತದೆ.

ಬೆಂಗಳೂರಿನಿಂದ ತರುವಾಗ ಬಾಟಲಿ ಡಿಕ್ಕಿಯಲ್ಲಿ ಬೇಡ, ಸೀಟಿನ ಕೆಳಗಿರಲಿ. ತೆರೆದಿಟ್ಟ ಗ್ರೆನಾಶ್ ಗಾಳಿ ತಾಗಿ ಬೇಗ ಕೆಡುತ್ತದೆ. ಅರ್ಧವೇ ಕುಡಿಯುವುದಾದರೆ ತೆರೆದ ಕೂಡಲೇ 375 ಮಿ.ಲೀ. ಬಾಟಲಿಗೆ ಕತ್ತಿನವರೆಗೆ ತುಂಬಿ, ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಡಿ. ನಾಲ್ಕು ದಿನ ಕೆಡುವುದಿಲ್ಲ.