ಗ್ಯಾಸ್ ಗೀಸರ್ ಕೊಳ್ಳುವವರೇ, ಓಟಿಪಿ ಹೇಳುವ ಮುನ್ನ ಸೂಚನೆಯ ಕಾಗದ ಕೇಳಿ

ಬರೆಯಲು ನಾಚಿಕೆಯಾಗುತ್ತಿದೆ. ಓದು ಬರಹ ಬಲ್ಲವಳು, ಕಣ್ಣು ಬಿಟ್ಟುಕೊಂಡೇ ಮೋಸ ಹೋದೆ.

ಹೋದ ಡಿಸೆಂಬರ್‌ನಲ್ಲಿ ಅಪ್ಪನಿಗೆಂದು ಗ್ಯಾಸ್ ಗೀಸರ್ ತಂದೆವು. ಪೆಟ್ಟಿಗೆಯಲ್ಲಿ ಥರ್ಮೋಕೋಲ್ ಇತ್ತು, ಎರಡು ಸ್ಕ್ರೂ ಹೆಚ್ಚಾಗಿಯೇ ಇದ್ದವು, ಸೂಚನಾ ಪುಸ್ತಕ ಮಾತ್ರ ಇರಲಿಲ್ಲ. ಕೇಳಿದರೆ ಅಂಗಡಿಯವರು, "ಈಗ ಎಲ್ಲ ಕ್ಯೂಆರ್ ಕೋಡ್‌ನಲ್ಲಿದೆ ಮೇಡಂ, ಪುಸ್ತಕ ಯಾರು ಓದುತ್ತಾರೆ?" ಎಂದರು. ಕಂಪನಿಯ ಮೆಕ್ಯಾನಿಕ್ ಬಂದ, ಬಚ್ಚಲುಮನೆಯೊಳಗೇ ಗೋಡೆಗೆ ಕೂರಿಸಿದ, "ಕೆಲಸ ಮುಗಿಯಿತು, ಓಟಿಪಿ ಹೇಳಿ" ಎಂದ. ಹೇಳಿದೆ. ಆ ಕ್ಯೂಆರ್ ಕೋಡ್ ಎಲ್ಲಿತ್ತು ಗೊತ್ತೇ? ಗೀಸರ್‌ನ ಬೆನ್ನಿಗೆ. ಗೋಡೆಗೆ ಅಂಟಿಕೊಂಡ ಬೆನ್ನಿಗೆ!

ನಾಲ್ಕನೇ ದಿನ ಸ್ನಾನಕ್ಕೆ ಹೋದ ಅಪ್ಪ ಎಷ್ಟು ಕೂಗಿದರೂ ಓಗೊಡಲಿಲ್ಲ. ಚಳಿಯೆಂದು ಗಾಳಿಕಿಂಡಿಗೆ ರಟ್ಟು ಅಡ್ಡವಿಟ್ಟಿದ್ದೆವು. ಚಿಲಕ ಸಡಿಲವಾಗಿದ್ದದ್ದು ಪುಣ್ಯ. ಬಕೆಟ್ಟಿನ ಪಕ್ಕ ಕುಸಿದು ಕೂತಿದ್ದರು, ತಂಬಿಗೆ ಕೈಯಲ್ಲೇ ಇತ್ತು. ಕಾರ್ಬನ್ ಮೊನಾಕ್ಸೈಡ್ ಎಂದರು ವೈದ್ಯರು. ಗಾಳಿಯಾಡದ ಕಡೆ ಗ್ಯಾಸ್ ಅರೆಬರೆ ಉರಿದರೆ ತುಂಬಿಕೊಳ್ಳುತ್ತದಂತೆ. ಬಣ್ಣವಿಲ್ಲ, ವಾಸನೆಯೂ ಇಲ್ಲ. ಗ್ಯಾಸ್ ಸೋರಿದರೆ ಮೂಗಿಗೆ ಬಡಿಯುತ್ತದಲ್ಲ ಎಂಬ ಧೈರ್ಯದಲ್ಲಿದ್ದೆ ನಾನು. ಅಪ್ಪ ಉಳಿದರು.

ಗೀಸರ್ ಬಿಚ್ಚಿಸಿ ಕೋಡ್ ಸ್ಕ್ಯಾನ್ ಮಾಡಿದೆ. ಮೊದಲು ಮೊಬೈಲ್ ಸಂಖ್ಯೆ ಕೇಳಿತು, ಆಮೇಲೆ ಮಿಕ್ಸಿಯ ಜಾಹೀರಾತು, ಆಮೇಲೆ 38 ಪುಟಗಳ ಇಂಗ್ಲಿಷ್ ಪಿಡಿಎಫ್. 11ನೇ ಪುಟದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ: ಸ್ನಾನದ ಕೋಣೆಯೊಳಗೆ ಅಳವಡಿಸಬಾರದು.

ಅಳವಡಿಸಿದವನು ಅವರದೇ ಮೆಕ್ಯಾನಿಕ್! ಕಂಪನಿಗೆ ಕರೆ ಮಾಡಿದರೆ ಅವರು ಏನು ಹೇಳಬೇಕು? "ಸುರಕ್ಷತಾ ಸೂಚನೆಗಳನ್ನು ಓದಿ ಒಪ್ಪಿದ್ದೇನೆಂದು ನೀವೇ ಓಟಿಪಿ ಕೊಟ್ಟಿದ್ದೀರಲ್ಲ." ಕೆಲಸ ಮುಗಿಯಿತೆಂದು ನಾನು ಹೇಳಿದ್ದ ಆರು ಅಂಕಿ! ಮೆಸೇಜ್ ತೆರೆದು ನೋಡಿದೆ. ನಿಜ, ಎರಡನೇ ಸಾಲಿನಲ್ಲಿ ಹಾಗೆಯೇ ಇತ್ತು. ಮೈಯೆಲ್ಲ ಉರಿದುಹೋಯಿತು. ಓದದಿದ್ದವಳು ನಾನೇ, ಸರಿ. ಓದಲು ಕೊಟ್ಟವರು ಯಾರು?

ಅಪಾಯ ತಪ್ಪಿಸಲು ಬೇಕಾದಷ್ಟು ಸೂಚನೆ, ಎಚ್ಚರಿಕೆ ಕೊಡದಿದ್ದರೆ ತಯಾರಕರು ಹೊಣೆ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಸೆಕ್ಷನ್ ಹೇಳುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನೀವು ಮಾತ್ರ ಸೂಚನೆಯನ್ನು ಕಾಗದದಲ್ಲೇ ಕೇಳಿ, ಕನ್ನಡದಲ್ಲೇ ಕೇಳಿ. ಕೈಗೆ ಬರುವವರೆಗೆ ಓಟಿಪಿ ಹೇಳಬೇಡಿ. ಗೀಸರ್ ಬಚ್ಚಲಿನ ಹೊರಗಿರಲಿ. ಹೊರಗೆ!

ನಿನ್ನೆ ಮತ್ತೆ ಅಂಗಡಿಗೆ ಹೋಗಿ ಪುಸ್ತಕ ಕೊಡಿ ಎಂದೆ. "ಎದುರಿಗೇ ಝೆರಾಕ್ಸ್ ಅಂಗಡಿ ಇದೆಯಲ್ಲ ಮೇಡಂ, ಪ್ರಿಂಟ್ ತೆಗೆಸಿಕೊಳ್ಳಿ" ಎಂದರು.