ಮೆಮ್‌ಕ್ಯಾಶ್‌ಡಿ: ಹಲವು ಸರ್ವರ್‌ಗಳ ರ‍್ಯಾಮ್, ಲೆಕ್ಕವೆಲ್ಲ ಕ್ಲೈಂಟ್‌ನದು

2003ರಲ್ಲಿ ಲೈವ್‌ಜರ್ನಲ್ ತಾಣಕ್ಕಾಗಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಬರೆದ ಮೆಮ್‌ಕ್ಯಾಶ್‌ಡಿ ಇವತ್ತಿಗೂ ಕಣ್ಣುಮುಚ್ಚಿ ಶಿಫಾರಸು ಮಾಡಬಹುದಾದ ಸಾಫ್ಟ್‌ವೇರ್, ಅದರಿಂದ ಕ್ಯಾಶ್ ಕೆಲಸವನ್ನಷ್ಟೇ (ಪದೇ ಪದೇ ಬೇಕಾಗುವ ಡೇಟಾದ ಪ್ರತಿಯನ್ನು ಮೆಮೊರಿಯಲ್ಲಿಟ್ಟು ಬೇಗ ಕೊಡುವುದು) ಬಯಸಿದರೆ. ನಾಲ್ಕು ಸರ್ವರ್‌ಗಳಲ್ಲಿ ತಲಾ 8 ಜಿಬಿ ಬಿಟ್ಟುಕೊಟ್ಟರೆ ಅಪ್ಲಿಕೇಶನ್‌ಗೆ 32 ಜಿಬಿಯ ಒಂದೇ ಕ್ಯಾಶ್ ಸಿಕ್ಕಂತಾಗುತ್ತದೆ. ಆದರೆ ಈ ಸರ್ವರ್‌ಗಳಿಗೆ ಒಂದಕ್ಕೊಂದರ ಪರಿಚಯವೇ ಇಲ್ಲ. ಯಾವ ಕೀ (ಡೇಟಾವನ್ನು ಗುರುತಿಸುವ ಹೆಸರು) ಯಾವ ಸರ್ವರ್‌ನಲ್ಲಿದೆ ಎಂದು ನಿರ್ಧರಿಸುವುದು ಅಪ್ಲಿಕೇಶನ್ ಬಳಸುವ ಕ್ಲೈಂಟ್ ಲೈಬ್ರರಿ. ಮೆಮ್‌ಕ್ಯಾಶ್‌ಡಿಯ ಸರಳತೆ, ವೇಗ ಎರಡೂ ಬಂದಿರುವುದು ಇದರಿಂದಲೇ.

ಎಡವುವುದೂ ಇಲ್ಲೇ. ಪಿಎಚ್‌ಪಿ ಕೋಡ್ ಒಂದು ಹ್ಯಾಶಿಂಗ್ ವಿಧಾನ (ಕೀಯಿಂದ ಸರ್ವರ್ ಯಾವುದೆಂದು ಲೆಕ್ಕಹಾಕುವ ಬಗೆ), ಪೈಥಾನ್ ಕೋಡ್ ಇನ್ನೊಂದು ವಿಧಾನ ಬಳಸಿದರೆ ಒಂದೇ ಕೀ ಎರಡು ಸರ್ವರ್‌ಗಳಲ್ಲಿ ಕೂರುತ್ತದೆ. ಪೈಥಾನ್ ಕಡೆಯಿಂದ ಡಿಲೀಟ್ ಮಾಡಿದರೂ ಪಿಎಚ್‌ಪಿ ಪುಟದಲ್ಲಿ ಹಳೆಯ ಡೇಟಾವೇ ಕಾಣುತ್ತಿರುತ್ತದೆ. ಲಾಗ್‌ನಲ್ಲಿ ಒಂದು ಎರರ್ ಕೂಡ ಇರುವುದಿಲ್ಲ. ಎಲ್ಲ ಕಡೆ ಅದೇ ಸರ್ವರ್ ಪಟ್ಟಿ, ಅದೇ ಕೆಟಾಮಾ ಹ್ಯಾಶಿಂಗ್ (ಸರ್ವರ್ ಸೇರಿಸಿದರೂ ಹೆಚ್ಚಿನ ಕೀಗಳು ಇದ್ದಲ್ಲೇ ಉಳಿಯುವ ವಿಧಾನ) ಇಡಿ. ಬರೀ ಮಾಡ್ಯುಲೋ ಲೆಕ್ಕ (ಸರ್ವರ್‌ಗಳ ಸಂಖ್ಯೆಯಿಂದ ಭಾಗಿಸಿ ಉಳಿದ ಶೇಷ) ಇಟ್ಟುಕೊಂಡು ಐದನೇ ಸರ್ವರ್ ಸೇರಿಸಿದರೆ ಸುಮಾರು 80% ಕೀಗಳ ಜಾಗ ಬದಲಾಗಿ, ಆ ಹೊರೆಯೆಲ್ಲ ಡೇಟಾಬೇಸ್ ಮೇಲೆ ಬೀಳುತ್ತದೆ. ಕೆಟಾಮಾದಲ್ಲಿ ಸ್ಥಳ ಬದಲಿಸುವುದು ಸುಮಾರು 20% ಮಾತ್ರ.

ಎಕ್ಸ್‌ಪೈರಿ, ಅಂದರೆ ಡೇಟಾ ಎಷ್ಟು ಹೊತ್ತು ಉಳಿಯಬೇಕೆಂಬ ಗಡುವಿನ ವಿಷಯದಲ್ಲಿ ಒಂದು ಗುಂಡಿ ಇದೆ. 30 ದಿನ, ಅಂದರೆ 25,92,000 ಸೆಕೆಂಡ್ ದಾಟಿದ ಸಂಖ್ಯೆಯನ್ನು ಅದು ಯುನಿಕ್ಸ್ ಟೈಮ್‌ಸ್ಟ್ಯಾಂಪ್ (1970ರ ಜನವರಿ 1ರಿಂದ ಎಣಿಸಿದ ಸೆಕೆಂಡ್‌ಗಳು) ಎಂದು ಓದುತ್ತದೆ. 31 ದಿನಕ್ಕೆಂದು 26,78,400 ಕೊಟ್ಟರೆ ಅದು 1970ರ ಫೆಬ್ರವರಿ 1! ‘ಸ್ಟೋರ್ಡ್’ ಎಂಬ ಉತ್ತರ ಬರುತ್ತದೆ, ಮರುಕ್ಷಣ ಕೇಳಿದರೆ ಏನೂ ಇರುವುದಿಲ್ಲ.

ಒಂದೇ ಎಣಿಕೆಯನ್ನು ಎರಡು ವರ್ಕರ್‌ಗಳು (ಏಕಕಾಲಕ್ಕೆ ಓಡುವ ಪ್ರೋಗ್ರಾಂಗಳು) 10 ಎಂದು ಓದಿ ಎರಡೂ 11 ಎಂದು ಬರೆದರೆ ಒಂದು ಎಣಿಕೆ ಕಳೆದುಹೋಯಿತು. ಎಣಿಕೆಗೆ ಸರ್ವರ್‌ನಲ್ಲೇ ಕೂಡಿಸುವ ‘ಇನ್‌ಕ್ರ್’ ಆದೇಶ, ಉಳಿದದ್ದಕ್ಕೆ ‘ಗೆಟ್ಸ್’ ಮತ್ತು ‘ಸಿಎಎಸ್’ ಜೋಡಿ (ಓದಿದ ಮೇಲೆ ಬೇರೆ ಯಾರೂ ಬದಲಿಸಿರದಿದ್ದರೆ ಮಾತ್ರ ಬರೆಯುತ್ತದೆ) ಬಳಸಿ. ಸರ್ವರ್ ರೀಸ್ಟಾರ್ಟ್ ಆದರೆ ಒಳಗಿದ್ದದ್ದು ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಕಳೆದುಹೋದರೆ ಮತ್ತೆ ತಯಾರಿಸಲಾಗದ ಡೇಟಾ ಇಲ್ಲಿಡಬೇಡಿ.

ಡೀಫಾಲ್ಟ್ ಮೆಮೊರಿ ಬರೀ 64 ಎಂಬಿ, ಒಂದು ಐಟಂಗೆ 1 ಎಂಬಿ, ಕೀಗೆ 250 ಬೈಟ್. ಮೊದಲೆರಡನ್ನು ಹೆಚ್ಚಿಸಬಹುದು. ಕೊಟ್ಟ ಮಿತಿ ಐಟಂಗಳಿಗೆ ಮಾತ್ರ. ಹ್ಯಾಶ್ ಟೇಬಲ್, ಕನೆಕ್ಷನ್ ಬಫರ್‌ಗಳು ಅದರ ಹೊರಗೆ, ಹಾಗಾಗಿ ರ‍್ಯಾಮ್ ಪೂರ್ತಿ ಬರೆದುಕೊಡಬೇಡಿ. ‘ಸ್ಟ್ಯಾಟ್ಸ್’ನಲ್ಲಿ ‘ಇವಿಕ್ಷನ್ಸ್’ (ಜಾಗಕ್ಕಾಗಿ ಹೊರಹಾಕಿದ ಐಟಂಗಳ ಎಣಿಕೆ) ಸತತ ಏರುತ್ತಿದ್ದರೆ ಜಾಗ ಸಾಲುತ್ತಿಲ್ಲ.

ಡೀಫಾಲ್ಟ್ ಆಗಿ ಪಾಸ್‌ವರ್ಡ್ ಇಲ್ಲ. ಅಂತರ್ಜಾಲಕ್ಕೆ ತೆರೆದಿಟ್ಟ ಇಂಥ ಸರ್ವರ್‌ಗಳನ್ನೇ ಬಳಸಿ 2018ರಲ್ಲಿ ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ವೇಗದ ದಾಳಿ ನಡೆಯಿತು. ಆ ದಾಳಿಗೆ ದಾರಿಯಾದ ಯುಡಿಪಿ ಸಂಪರ್ಕ ವಿಧಾನ 1.5.6 ಆವೃತ್ತಿಯಿಂದ ಡೀಫಾಲ್ಟ್ ಆಗಿ ಬಂದ್. ಆದರೂ ಖಾಸಗಿ ಐಪಿಗೆ ಮಾತ್ರ ಬೈಂಡ್ ಮಾಡಿ, 11211 ಪೋರ್ಟ್ ಹೊರಗಿನವರಿಗೆ ಸಿಗದಂತೆ ಫೈರ್‌ವಾಲ್‌ನಲ್ಲಿ ಮುಚ್ಚಿ.