11 ಸಾವಿರ ಕಿಮೀ ಓಡಿದ ಆಡಿ ಟಿಟಿ, 68 ಸಾವಿರ ಓಡಿದ ಟಿಟಿ: ಎರಡನ್ನೂ ಇಟ್ಟುಕೊಂಡು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಈಗ ನನ್ನ ಮನೆ ಎದುರು ನಿಂತಿರುವುದು ಸುಮಾರು 68 ಸಾವಿರ ಕಿಮೀ ಓಡಿದ ಮೇಲೆ ನಾನು ಕೊಂಡ ಆಡಿ ಟಿಟಿ, ಎರಡು ಬಾಗಿಲಿನ ಸಣ್ಣ ಸ್ಪೋರ್ಟ್ಸ್ ಕಾರು. ಅದಕ್ಕೂ ಮೊದಲು ಒಂದು ವರ್ಷ ನನ್ನ ಹತ್ತಿರ ಇನ್ನೊಂದು ಟಿಟಿ ಇತ್ತು. ಅದು ಓಡಿದ್ದು ಬರೀ 11,400 ಕಿಮೀ. ಎರಡೂ 2009ರವು. ಎಂಜಿನ್ ಅದೇ, ಗೇರ್ ಅದೇ, ಬಣ್ಣ ಮಾತ್ರ ಬೇರೆ. ಕಡಿಮೆ ಓಡಿದ್ದಕ್ಕೆ 17 ಲಕ್ಷ ಕೊಟ್ಟೆ, ಜಾಸ್ತಿ ಓಡಿದ್ದಕ್ಕೆ 11.5 ಲಕ್ಷ. ಇವತ್ತು ಎರಡನ್ನೂ ಒಂದೇ ಬೆಲೆಗೆ ಕೊಡುತ್ತೇವೆ ಅಂದರೂ ನಾನು 68 ಸಾವಿರದ್ದನ್ನೇ ತರುತ್ತೇನೆ.

ನಮ್ಮ ಕರಾವಳಿಯಲ್ಲಿ ಕಡಿಮೆ ಓಡಿದ ದುಬಾರಿ ಕಾರುಗಳು ಆಗಾಗ ಮಾರಾಟಕ್ಕೆ ಬರುತ್ತವೆ. ಮಾಲೀಕರು ಗಲ್ಫ್‌ನಲ್ಲಿ ಇರುತ್ತಾರೆ, ಕಾರು ಊರಲ್ಲಿರುತ್ತದೆ. ವರ್ಷಕ್ಕೆ ಒಂದು ತಿಂಗಳು ರಜೆಗೆ ಬಂದಾಗ ಓಡಿಸಿ ಹೋಗುತ್ತಾರೆ. ನನ್ನ ಮೊದಲ ಟಿಟಿ ಅಂಥದ್ದೇ. ಸಾಲಿಗ್ರಾಮದ ಹತ್ತಿರ, ಸಮುದ್ರಕ್ಕೆ ಒಂದು ಕಿಲೋಮೀಟರ್ ದೂರದ ಮನೆ. ಅಂಗಳದ ಮಾವಿನ ಮರದ ಕೆಳಗೆ ಹಂಚು ಹೊದಿಸಿದ ಶೆಡ್, ಅದರೊಳಗೆ ಬಟ್ಟೆ ಮುಚ್ಚಿದ ಕಾರು. ಕೆಎ 20 ನಂಬರ್, ಒಬ್ಬರೇ ಮಾಲೀಕರು.

ನಾನು ಅವಸರ ಮಾಡಿದ್ದಕ್ಕೂ ಕಾರಣ ಉಂಟು. 2023ರ ನವೆಂಬರ್‌ನಲ್ಲಿ ಹಂಗೇರಿಯ ಕಾರ್ಖಾನೆಯಿಂದ ಕೊನೆಯ ಟಿಟಿ ಹೊರಬಂತು. 25 ವರ್ಷದ ಮಾಡೆಲ್ ಅಲ್ಲಿಗೆ ನಿಂತಿತು. ಇನ್ನು ಇಂಥದ್ದು ಸಿಗುವುದಿಲ್ಲ, ಬೆಲೆ ಏರುತ್ತಲೇ ಹೋಗುತ್ತದೆ ಅಂತ ಎಲ್ಲರೂ ಹೇಳತೊಡಗಿದರು. ನಾನೂ ನಂಬಿದೆ. 2024ರ ಜನವರಿಯಲ್ಲಿ ಹಣ ಕೊಟ್ಟೆ.

ಕಿಲೋಮೀಟರ್ ಸುಳ್ಳಾಗಿರಲಿಲ್ಲ. ಅದನ್ನು ಸರಿಯಾಗಿಯೇ ಪರೀಕ್ಷೆ ಮಾಡಿದ್ದೆ. ಸರ್ವಿಸ್ ಪುಸ್ತಕದ ದಿನಾಂಕಕ್ಕೂ ಕಿಮೀಗೂ ತಾಳೆ ಇತ್ತು. ಬ್ರೇಕ್ ಪೆಡಲಿನ ರಬ್ಬರ್ ಸವೆದಿರಲಿಲ್ಲ. ಸೀಟ್ ಬೆಲ್ಟಿನ ಬುಡದ ಚೀಟಿಯಲ್ಲಿ, ಗಾಜಿನ ಮೂಲೆಯ ಗುರುತಿನಲ್ಲಿ ಎಲ್ಲ ಕಡೆ ಒಂದೇ ಕಾಲದ ಲೆಕ್ಕ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದಲ್ವಾ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅದರಲ್ಲಿ 1109 ಅಂತ ಇತ್ತು. ಅಂದರೆ 2009ರ ಹನ್ನೊಂದನೇ ವಾರ. ಮನೆಯ ಹಿರಿಯರು, ಮಾಲೀಕರ ತಂದೆ, ಪ್ರೀತಿಯಿಂದ ತೋರಿಸಿದರು: "ಕಾಣಿ, ಟೈರ್ ಸಮೇತ ಕಂಪೆನಿದೇ." ನನಗೆ ತುಂಬಾ ಖುಷಿಯಾಯಿತು. ಹದಿನೈದು ವರ್ಷ ಹಳೆಯ ಟೈರ್ ಅಂದರೆ ಅದರ ಮೇಲಿನ ಗೆರೆ ಎಷ್ಟೇ ಆಳ ಇರಲಿ, ರಬ್ಬರ್ ಗಟ್ಟಿಯಾಗಿ ಹೋಗಿರುತ್ತದೆ ಎಂಬುದು ಆ ಕ್ಷಣ ತಲೆಗೆ ಹೋಗಲಿಲ್ಲ. ಪಡುಬಿದ್ರಿಯ ಹತ್ತಿರ ಒಂದು ಸಣ್ಣ ಮಳೆಗೆ ಹಿಂಭಾಗ ಜಾರಿದಾಗ ಹೋಯಿತು.

ಟೈರ್ ಬದಲಾಯಿಸಿದರೆ ಮುಗಿಯಿತು. ಬೆಲ್ಟ್, ಬ್ಯಾಟರಿ, ಬ್ರೇಕ್ ಡಿಸ್ಕ್ ಕೂಡ ಹಾಗೆಯೇ, ಹಣ ಕೊಟ್ಟರೆ ಮುಗಿಯುವ ಸಂಗತಿಗಳು. ನನ್ನನ್ನು ನಿಜವಾಗಿ ಸೋಲಿಸಿದ್ದು ವಾಸನೆ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಕಾರಿನ ಒಳಗೆ ಬೂಷ್ಟು ಹಿಡಿದ ಬಟ್ಟೆಯ ವಾಸನೆ. ಮೊದಲು ಎಸಿ ಅಂತ ತಿಳಿದು ಫಿಲ್ಟರ್ ಬದಲಾಯಿಸಿದೆ, ಗ್ಯಾರೇಜಿನಲ್ಲಿ ಔಷಧಿ ಹೊಡೆಸಿದೆ. ಮೂರು ದಿನ ಚೆನ್ನಾಗಿತ್ತು. ಮತ್ತೆ ಬಂತು. ಸೀಟಿನ ಚರ್ಮ ಒರೆಸಿದೆ, ಮ್ಯಾಟ್ ತೊಳೆದೆ, ಇದ್ದಿಲು ಚೀಲ ಇಟ್ಟೆ. ಒಂದು ದಿನ ಎಡಗಡೆ ಸೀಟಿನಲ್ಲಿ ಕೂತ ಹೆಂಡತಿ ಚಪ್ಪಲಿ ಬಿಚ್ಚಿದವಳು ಕಾಲು ಮೇಲೆ ಎಳೆದುಕೊಂಡಳು. "ಕೆಳಗೆ ಚಂಡಿ ಉಂಟಲ್ಲ, ಕೈ ಇಟ್ಟು ನೋಡಿ" ಅಂದಳು. ಕಾರ್ಪೆಟ್ ಮೇಲೆ ಒಣಗಿದ ಹಾಗೆ ಕಾಣುತ್ತಿತ್ತು. ಅಂಗೈ ಒತ್ತಿದರೆ ನೀರು ಮೇಲೆ ಬಂತು.

ಬೈಕಂಪಾಡಿಯ ಮೆಕ್ಯಾನಿಕ್ ಒಬ್ಬರು ಸೀಟು ಬಿಚ್ಚಿ ಕಾರ್ಪೆಟ್ ಎತ್ತಿದರು. ಅದರ ಅಡಿಗೆ ಎರಡು ಇಂಚು ದಪ್ಪದ ಫೋಮ್ ಇರುತ್ತದೆ. ಅದು ನೀರು ಕುಡಿದ ಸ್ಪಂಜಿನ ಹಾಗೆ ಭಾರವಾಗಿತ್ತು. "ಬಾಗಿಲು ಹಾಕಿದ ಗಾಡಿಗೆ ಇಷ್ಟು ನೀರು ಎಲ್ಲಿಂದ ಮಾರಾಯ್ರೆ?" ಅಂತ ಅವರೇ ಕೇಳಿದರು. ಆಮೇಲೆ ಬಾನೆಟ್ ಎತ್ತಿ, ವೈಪರ್ ಅಡಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದರು. ಅಲ್ಲಿ ತೊಟ್ಟಿಯಂಥ ಒಂದು ಜಾಗ ಇದೆ. ಗಾಜಿನ ಮೇಲೆ ಬಿದ್ದ ಮಳೆನೀರು ಅಲ್ಲಿಗೆ ಇಳಿದು, ಮೂಲೆಯ ತೂತುಗಳಿಂದ ಕೆಳಗೆ ಹೋಗಬೇಕು. ನಮ್ಮ ತೊಟ್ಟಿಯಲ್ಲಿ ಹದಿನೈದು ವರ್ಷದ ಮಾವಿನ ಎಲೆ, ಹೂವು, ಹಂಚಿನ ಧೂಳು ಕೊಳೆತು ಕಪ್ಪು ಗೊಬ್ಬರವಾಗಿತ್ತು. ತೂತು ಮುಚ್ಚಿಹೋಗಿತ್ತು. ನೀರಿಗೆ ದಾರಿ ಇಲ್ಲದೆ ಎಸಿಯ ಗಾಳಿ ಹೋಗುವ ಬಾಯಿಯಿಂದ ಒಳಗೆ ಇಳಿದಿತ್ತು. ಕಾರಿನ ಕಂಪೆನಿಯ ತಪ್ಪು ಅದರಲ್ಲಿ ಏನೂ ಇಲ್ಲ. ದಿನಾ ಓಡುವ ಗಾಡಿಯಾಗಿದ್ದರೆ ಯಾರಾದರೂ ಒಂದು ಸಲ ಎಲೆ ತೆಗೆಯುತ್ತಿದ್ದರು, ಅಷ್ಟೆ.

ತೂತು ಬಿಡಿಸಲು ಹತ್ತು ನಿಮಿಷ ಸಾಕಾಯಿತು. ಫೋಮ್ ಒಣಗಿಸುವುದೇ ಕಷ್ಟ. ಜುಲೈ ತಿಂಗಳಲ್ಲಿ ಮಂಗಳೂರಲ್ಲಿ ಒಂದು ಲುಂಗಿ ಒಣಗಲು ಮೂರು ದಿನ ಬೇಕು. ಫೋಮನ್ನು ಜಗಲಿಯಲ್ಲಿ ಕಟ್ಟಿ, ಫ್ಯಾನ್ ಹಾಕಿ ಎಂಟು ದಿನ ಇಟ್ಟೆವು. ಕೆಳಗಿನ ವಯರಿನ ಜೋಡಣೆಗಳಲ್ಲಿ ಹಸಿರು ಕಿಲುಬು ಹಿಡಿದಿತ್ತು. ಅದನ್ನು ಉಜ್ಜಿ ತೆಗೆದೆವು. ಆದರೂ ಎಡಗಡೆಯ ಗಾಜು ಆಗಾಗ ತಾನೇ ಕೆಳಗೆ ಇಳಿಯತೊಡಗಿತು. ರಾತ್ರಿ ಮಳೆ ಶಬ್ದ ಕೇಳಿದರೆ ಎದ್ದು ಹೋಗಿ ಗಾಜು ನೋಡಿ ಬರುತ್ತಿದ್ದೆ. ವಾಸನೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಎಸಿ ಆರಿಸಿದ ಐದು ನಿಮಿಷಕ್ಕೆ ಮತ್ತೆ ಮೆಲ್ಲ ಏಳುತ್ತಿತ್ತು. ಹೆಂಡತಿ ಆ ಕಾರಿನಲ್ಲಿ ಬರುವುದನ್ನೇ ಬಿಟ್ಟಳು.

ನಿಂತ ಕಾರಿನ ಇನ್ನೊಂದು ಸಂಗತಿ. ಆ ಹಿರಿಯರು ವಾರಕ್ಕೊಮ್ಮೆ ತಪ್ಪದೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಿದ್ದರು. ಕಾರಿನ ಮೇಲೆ ಅವರಿಗೆ ಅಷ್ಟು ಕಾಳಜಿ. ಆದರೆ ನಿಂತಲ್ಲೇ ಹತ್ತು ನಿಮಿಷ ಓಡಿದರೆ ಎಂಜಿನ್ ಆಯಿಲ್ ಸರಿಯಾಗಿ ಬಿಸಿಯಾಗುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರು ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ಉಳಿಯುತ್ತದೆ. ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಬ್ರೇಕ್ ಆಯಿಲೂ ಹಾಗೆಯೇ. ಅದಕ್ಕೇ ಅದನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು. ಎಸಿ ಹಾಕದೆ ಬಿಟ್ಟರೆ ಕಂಪ್ರೆಸರಿನ ಸೀಲ್ ಒಣಗಿ ಗ್ಯಾಸ್ ಸೋರುತ್ತದೆ. ಈ ಎಂಜಿನ್ನಿನ ಟೈಮಿಂಗ್ ಬೆಲ್ಟ್ ರಬ್ಬರಿನದ್ದು, ಅದಕ್ಕೆ ಕಿಮೀ ಎಷ್ಟು ಮುಖ್ಯವೋ ವರ್ಷವೂ ಅಷ್ಟೇ ಮುಖ್ಯ. ಅದು ಕಡಿದರೆ ಎಂಜಿನ್ನೇ ಹೋಗುತ್ತದೆ. 11 ಸಾವಿರ ಓಡಿದೆ ಅಂತ ಅದನ್ನು ಯಾರೂ ಮುಟ್ಟಿರಲಿಲ್ಲ.

ಖರ್ಚು ಬರೆದಿಟ್ಟಿದ್ದೇನೆ. ಟೈರ್ 72,000. ಬೆಲ್ಟ್, ವಾಟರ್ ಪಂಪ್ ಸೇರಿ 58,000. ಎಸಿ ಕಂಪ್ರೆಸರ್ 65,000. ಡಿಸ್ಕ್, ಪ್ಯಾಡ್, ಬ್ರೇಕ್ ಆಯಿಲ್ 46,000. ಸಸ್ಪೆನ್ಶನ್ನಿನ ರಬ್ಬರ್ ಬುಷ್‌ಗಳು 41,000. ಬ್ಯಾಟರಿ 12,000. ಕಾರ್ಪೆಟ್, ವಯರಿಂಗ್ ಕೆಲಸ 18,000. ಒಟ್ಟು 3,12,000. ವರ್ಷದ ಕೊನೆಗೆ 13.5 ಲಕ್ಷಕ್ಕೆ ಮಾರಿದೆ. ಕೊಂಡವರಿಗೆ ನೀರಿನ ವಿಷಯ, ಗಾಜಿನ ವಿಷಯ ಎಲ್ಲ ಬಿಡಿಸಿ ಹೇಳಿಯೇ ಕೊಟ್ಟೆ. ನಾನು ಓಡಿಸಿದ್ದು 7,000 ಕಿಮೀ. ಪೆಟ್ರೋಲ್ ಬಿಟ್ಟು ಒಂದು ಕಿಮೀಗೆ 95 ರೂಪಾಯಿ ಹತ್ತಿರ ಬಿತ್ತು.

ಇನ್ನು ಎರಡನೆಯದು. ಕೆಎ 19 ನಂಬರ್. ಮಂಗಳೂರಿನ ವೈದ್ಯರೊಬ್ಬರದು. ಬಿಜೈಯಿಂದ ದೇರಳಕಟ್ಟೆಗೆ ದಿನಾ ಅದರಲ್ಲೇ ಹೋಗಿಬರುತ್ತಿದ್ದರು. ನೋಡಿದ ಕೂಡಲೇ ಮನಸ್ಸು ಹೋಗುವ ಕಾರಲ್ಲ. ಹಂಪ್‌ಗಳಿಗೆ ತಾಗಿ ಮುಂದಿನ ಬಂಪರಿನ ಅಡಿ ಪೂರ್ತಿ ಗೀರು. ಚಾಲಕನ ಸೀಟಿನ ಬಲ ಅಂಚಿನ ಚರ್ಮ ಸವೆದು ಬಿಳಿಯಾಗಿದೆ. ಸ್ಟೀರಿಂಗ್ ನುಣುಪಾಗಿದೆ. ನನ್ನ ಹಳೆಯ ಟಿಟಿಯ ಸೀಟು, ಬಣ್ಣ, ಗುಂಡಿಗಳು ಎಲ್ಲ ಹೊಸದರ ಹಾಗೆ ಇದ್ದವು. ಈ ವಿಷಯದಲ್ಲಿ ಅದರ ಹತ್ತಿರಕ್ಕೂ ಇದು ಬರುವುದಿಲ್ಲ.

ಆದರೆ ವೈದ್ಯರು ಕೀಲಿಗಿಂತ ಮೊದಲು ಒಂದು ಫೈಲ್ ಕೊಟ್ಟರು. ಹದಿನಾಲ್ಕು ವರ್ಷದ ಬಿಲ್ಲು. ಬೆಲ್ಟ್ 2021ರಲ್ಲಿ ಬದಲಾಗಿದೆ. 60 ಸಾವಿರ ಕಿಮೀಗೆ ಗೇರ್‌ಬಾಕ್ಸ್ ಆಯಿಲ್ ಬದಲಾಗಿದೆ. ಈ ಎಂಜಿನ್ನಿನಲ್ಲಿ ವಾಲ್ವ್ ತೆರೆಯುವ ದಂಡಕ್ಕೂ, ಅಂದರೆ ಕ್ಯಾಮ್ ಶಾಫ್ಟಿಗೂ, ಪೆಟ್ರೋಲ್ ಪಂಪಿಗೂ ನಡುವೆ ಲೋಟದಂಥ ಒಂದು ಸಣ್ಣ ಭಾಗ ಇರುತ್ತದೆ, ಕ್ಯಾಮ್ ಫಾಲೋವರ್ ಅಂತ. ಅದು ಸವೆದು ತೂತಾದರೆ ಕ್ಯಾಮ್ ಶಾಫ್ಟನ್ನೇ ತಿನ್ನುತ್ತದೆ. ಅದನ್ನು ಎರಡು ಸಲ ಬದಲಾಯಿಸಿದ ಬಿಲ್ಲಿತ್ತು. ನನಗೆ ಮನಸ್ಸು ತುಂಬಿದ್ದು ಇನ್ನೊಂದು ಸಾಲು ನೋಡಿ. ಪ್ರತಿ ವರ್ಷ ಮೇ ತಿಂಗಳ ಬಿಲ್ಲಿನಲ್ಲಿ "ವೈಪರ್ ಕೆಳಗೆ ಎಲೆ ಕ್ಲೀನ್, ನೀರು ಬಿಟ್ಟು ನೋಡಿದೆ" ಅಂತ ಕೈಬರಹ. ಆಸ್ಪತ್ರೆಯಲ್ಲಿ ಮರದ ಕೆಳಗೆ ನಿಲ್ಲಿಸುತ್ತಿದ್ದರಂತೆ. ನಾನು ಚೌಕಾಸಿ ಮಾಡಲಿಲ್ಲ.

15 ವರ್ಷ ತುಂಬಿದ ಆರ್‌ಸಿಯ ನವೀಕರಣ, ಫಿಟ್‌ನೆಸ್ ಎಲ್ಲ ಅವರೇ ಮುಗಿಸಿದ್ದರು. ಮೊದಲನೆಯದಕ್ಕೆ ಆ ಓಡಾಟ ನನ್ನ ತಲೆಗೆ ಬಂದಿತ್ತು.

ನಡುವೆ ಕಾಸರಗೋಡಿನಲ್ಲಿ 29 ಸಾವಿರ ಕಿಮೀ ಓಡಿದ ಒಂದನ್ನೂ ನೋಡಿದ್ದೆ. ಗಾಡಿ ಚೆನ್ನಾಗಿತ್ತು. ಕೇರಳದ ಎನ್‌ಒಸಿ, ಇಲ್ಲಿ ಮರುನೋಂದಣಿ, ಮತ್ತೆ ತೆರಿಗೆ. ಬೇಡ ಅನ್ನಿಸಿತು.

ಓಡಿಸುವಾಗಿನ ವ್ಯತ್ಯಾಸ ಶಿರಾಡಿ ಘಾಟಿಯಲ್ಲಿ ಗೊತ್ತಾಗುತ್ತದೆ. ಗುಂಡ್ಯ ದಾಟಿ ಕಾಂಕ್ರೀಟ್ ತಿರುವುಗಳು ಶುರುವಾದ ಮೇಲೆ 11 ಸಾವಿರದ ಕಾರು ನನ್ನನ್ನು ಅರ್ಧ ಕ್ಷಣ ಕಾಯಿಸುತ್ತಿತ್ತು. ಸ್ಟೀರಿಂಗ್ ತಿರುಗಿಸಿದ ಮೇಲೆ ಮೂತಿ ತಿರುಗುತ್ತಿತ್ತು. ಬುಷ್ ಬದಲಾಯಿಸಿದ ಮೇಲೆ ಸುಧಾರಿಸಿತು, ಆದರೆ ಕುಲುಕು ತಡೆಯುವ ಡ್ಯಾಂಪರ್‌ಗಳು ಹಳೆಯವೇ. ವೈದ್ಯರ ಕಾರು ಕೈ ಹೇಳಿದ ಕಡೆಗೆ ಹೋಗುತ್ತದೆ. ದಿನಾ ಓಡಿಸುವವರು ಸಣ್ಣ ಶಬ್ದ ಬಂದರೂ ಗ್ಯಾರೇಜಿಗೆ ಒಯ್ಯುತ್ತಾರಲ್ವಾ, ಅದರ ಫಲ ಇದು.

ಬೆಲೆಯ ಲೆಕ್ಕ ನಾನು ಈಗ ಹೀಗೆ ಮಾಡುತ್ತೇನೆ. ಎರಡು ಕಾರಿನ ನಡುವೆ 56,600 ಕಿಮೀ ವ್ಯತ್ಯಾಸ, 5.5 ಲಕ್ಷ ವ್ಯತ್ಯಾಸ. ಅಂದರೆ ಬೇರೆಯವರು ಓಡಿಸದೆ ಬಿಟ್ಟ ಪ್ರತಿ ಕಿಲೋಮೀಟರಿಗೆ ನಾನು ಸುಮಾರು 10 ರೂಪಾಯಿ ಕೊಟ್ಟಿದ್ದೆ. ಕೊಟ್ಟ ಮೇಲೆ ನಾನೂ ಓಡಿಸದೆ ಇಟ್ಟರೆ ಮಾತ್ರ ಆ ಹಣ ಉಳಿಯುತ್ತದೆ. ಓಡಿಸಿದ ಹಾಗೆ ಕರಗುತ್ತದೆ. ನನಗೆ ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಡಬೇಕು. ಕಾಪು ದೀಪಸ್ತಂಭದ ತನಕವಾದರೂ ಹೋಗಿ ಚಹಾ ಕುಡಿದು ಬರಬೇಕು. ತಿಂಗಳಿಗೊಮ್ಮೆ ಹೆಬ್ರಿ ಮೇಲಿಂದ ಆಗುಂಬೆ. ಮನೆಯಲ್ಲಿ ಮುಚ್ಚಿದ ಗ್ಯಾರೇಜ್ ಇಲ್ಲ, ತೇವ ಹೀರುವ ಯಂತ್ರ ಇಲ್ಲ. ಕಾರಿಗೆ ಅಂತ ವರ್ಷಕ್ಕೆ ಒಂದು ಲಕ್ಷ ತೆಗೆದಿಡಬಹುದು, ಅದಕ್ಕಿಂತ ಜಾಸ್ತಿ ಆಗುವುದಿಲ್ಲ.

ಐದು ಸಿಲಿಂಡರಿನ ಟಿಟಿ ಆರ್‌ಎಸ್‌ನಂಥ ಅಪರೂಪದ್ದು, ಒಣ ಊರಿನಲ್ಲಿ ಇಟ್ಟದ್ದು, ವರ್ಷ ವರ್ಷ ಆಯಿಲ್ ಬದಲಾಯಿಸಿದ್ದು ಸಿಕ್ಕರೆ ಕಡಿಮೆ ಕಿಮೀಗೆ ಜಾಸ್ತಿ ಕೊಡುವುದು ನ್ಯಾಯ. ನಮ್ಮ ಮಳೆಯಲ್ಲಿ ಹದಿನೈದು ವರ್ಷ ನಿಂತ ಸಾಮಾನ್ಯ 2 ಲೀಟರ್ ಕಾರಿಗೆ ನಾನಂತೂ ಕೊಡುವುದಿಲ್ಲ. ನನಗೆ ಅದರ ಬೆಲೆ ಅಂದರೆ ಚೆನ್ನಾಗಿ ಓಡಿದ ಕಾರಿನ ಬೆಲೆಯಿಂದ ಮೂರು ಲಕ್ಷ ಕಳೆದದ್ದು. ಯಾರಾದರೂ ನೋಡಲು ಹೋಗುವುದಾದರೆ ಒಂದು ಚೊಂಬು ನೀರು ಕೇಳಿ ವೈಪರಿನ ಬುಡಕ್ಕೆ ಹೊಯ್ಯಿರಿ. ಒಂದು ನಿಮಿಷದಲ್ಲಿ ನೀರು ಚಕ್ರದ ಹಿಂದೆ ನೆಲಕ್ಕೆ ಬೀಳಬೇಕು. ಬೀಳದಿದ್ದರೆ ಕಾರ್ಪೆಟ್ ಒತ್ತಿ ನೋಡಿ.

ವೈದ್ಯರ ಕಾರನ್ನು ನಾನು 9,400 ಕಿಮೀ ಓಡಿಸಿದ್ದೇನೆ. ಖರ್ಚು 64,000, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎರಡು ಟೈರಿಗೆ. ಮೇ ಕೊನೆಯ ವಾರ ಎಲೆ ತೆಗೆದು ನೀರು ಬಿಟ್ಟು ನೋಡಿ, ವೈದ್ಯರ ಫೈಲಿನಲ್ಲೇ ಒಂದು ಸಾಲು ಬರೆದಿಟ್ಟೆ. ಈಗ ಹೆಂಡತಿಯೂ ಕಾಪುವಿಗೆ ಬರುತ್ತಾಳೆ.